ಕಲಿತದ್ದನ್ನೇ ಎಷ್ಟು ಸಲ ಕಲಿಯಬೇಕು?

ಪ್ರಶ್ನೆ: ನನಗೆ 49 ವರ್ಷ. ಶಿವಮೊಗ್ಗದಲ್ಲಿ ಬ್ಯಾಂಕ್ ಅಧಿಕಾರಿ. ಎರಡು ವರ್ಷಗಳ ಹಿಂದೆ ಮಾರ್ಚ್ ಕೊನೆಯ ವಾರದಲ್ಲಿ, ವರ್ಷಾಂತ್ಯದ ಲೆಕ್ಕದ ಗಡಿಬಿಡಿಯಲ್ಲಿ, ಶಾಖೆಯಲ್ಲೇ ತಲೆಸುತ್ತಿ ಬಿದ್ದೆ. ಮೂರು ದಿನ ಆಸ್ಪತ್ರೆಯಲ್ಲಿ ಮಲಗಿದ್ದಾಗ ಎಲ್ಲವೂ ನಿಚ್ಚಳವಾಗಿ ಕಂಡಿತ್ತು. ಹೊತ್ತಿಗೆ ಸರಿಯಾಗಿ ಊಟ, ನಿದ್ದೆ. ಆಗದ ಕೆಲಸಕ್ಕೆ ಆಗದು ಎನ್ನುವುದು. ಮಗನ ಮೇಲೆ ಕೂಗಾಡದಿರುವುದು. ಡೈರಿಯಲ್ಲಿ ಬರೆದೂ ಇಟ್ಟೆ. ನಾಲ್ಕು ತಿಂಗಳಲ್ಲಿ ಎಲ್ಲವೂ ಮೊದಲಿನಂತೆಯೇ ಆಯಿತು. ಕಳೆದ ವರ್ಷ ಹತ್ತು ದಿನಗಳ ಧ್ಯಾನ ಶಿಬಿರಕ್ಕೆ ಹೋಗಿಬಂದೆ. ಮೂರು ವಾರ ಬೇರೆಯದೇ ಹೆಂಗಸಾಗಿದ್ದೆ, ಆಮೇಲೆ ಮತ್ತೆ ಅದೇ. ಮೊನ್ನೆ ದ್ವಿತೀಯ ಪಿಯುಸಿ ಓದುತ್ತಿರುವ ಮಗ ಹಾಸಿಗೆಯ ಮೇಲೆ ಒದ್ದೆ ಟವೆಲ್ ಬಿಟ್ಟಿದ್ದಕ್ಕೆ, ಕಾಲಿನ ಚಪ್ಪಲಿಯನ್ನೂ ಕಳಚದೆ ಕೂಗಾಡಿದೆ. ಬಾಯಿಂದ ಬಂದದ್ದು ನನ್ನ ಅಪ್ಪನ ಮಾತುಗಳು, ಅವರದೇ ದನಿಯಲ್ಲಿ. ಹಿಂದಿನ ವಾರ, ಮನೆಯೊಳಗೆ ಕಾಲಿಡುತ್ತಿದ್ದಂತೆ ‘ಗ್ಯಾಸ್ ಮುಗಿದಿದೆ’ ಎಂದ ಅತ್ತೆಯವರ ಮೇಲೆ ಹರಿಹಾಯ್ದಿದ್ದೆ. ಅದಕ್ಕೂ ಮೊದಲು, ಬಸ್ಸಿಳಿದು ನಡೆಯುತ್ತಿದ್ದಾಗ ಫೋನ್ ಮಾಡಿದ ತಮ್ಮನ ಮೇಲೆ. ಅಂಗನವಾಡಿಯ ಮಗುವಿಗೂ ಗೊತ್ತಿರುವ ಪಾಠಗಳನ್ನು ಈ ವಯಸ್ಸಿನಲ್ಲಿ ಮತ್ತೆ ಮತ್ತೆ ಕಲಿಯುತ್ತಿದ್ದೇನೆ. ನಾಚಿಕೆಯಾಗುತ್ತದೆ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುವುದೇ ನಿಜವೇ? ಇನ್ನೊಂದು ಪ್ರಶ್ನೆ: ಮಗನ ಬಳಿ ತಪ್ಪಾಯಿತು ಎಂದರೆ ಅವನು ತಲೆಯ ಮೇಲೆ ಹತ್ತಿ ಕೂರುವುದಿಲ್ಲವೇ?

— ಹೆಸರು ಬೇಡ, ಶಿವಮೊಗ್ಗ

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡ ಪದ ‘ಚಪ್ಪಲಿ’. ಯಾಕೆಂಬುದನ್ನು ಸ್ವಲ್ಪ ತಡವಾಗಿ ಹೇಳುತ್ತೇನೆ. ಅದಕ್ಕೆ ಮೊದಲು ನಾಚಿಕೆಯ ಮಾತು ಮುಗಿಸೋಣ. ಅದು ಅಡ್ಡ ನಿಂತಿರುವಷ್ಟು ಹೊತ್ತು ಮಿಕ್ಕದ್ದು ನಿಮಗೆ ಕೇಳಿಸುವುದಿಲ್ಲ.

ಆಪ್ತಸಮಾಲೋಚನೆಯ ಕೆಲಸಕ್ಕೆ ಬಂದು ನನಗೆ ಇಪ್ಪತ್ತೆರಡು ವರ್ಷವಾಯಿತು. ಎದುರಿನ ಕುರ್ಚಿಯಲ್ಲಿ ಕುಳಿತು ‘ಇದು ನನಗೆ ಗೊತ್ತೇ ಇರಲಿಲ್ಲ’ ಎಂದವರು ಬೆರಳೆಣಿಕೆಯಷ್ಟು ಜನ. ಉಳಿದವರೆಲ್ಲ ಬರುವುದು ಗೊತ್ತಿದ್ದುದನ್ನೇ ಹಿಡಿದುಕೊಂಡು. ಸಾಲ ತಂದು ಅಷ್ಟು ದೊಡ್ಡ ಮದುವೆ ಮಾಡಬಾರದಿತ್ತು. ಆ ಮಾತು ಆಡಬಾರದಿತ್ತು. ಅಣ್ಣನ ಜೊತೆ ಒಂದು ಸಲ ಕುಳಿತು ಮಾತಾಡಬೇಕಿತ್ತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬ ಗಾದೆ ಇವರೆಲ್ಲರ ಕಥೆಯನ್ನು ಹೇಳುತ್ತದೆ, ಆದರೆ ಅರ್ಧ ಮಾತ್ರ. ಬುದ್ಧಿ ಒಂದು ಸಲ ಬಂದು ಮನೆಯಲ್ಲೇ ಠಿಕಾಣಿ ಹೂಡುವಂಥದ್ದಲ್ಲ. ಬರುತ್ತದೆ, ನೆಂಟರಂತೆ ನಾಲ್ಕು ದಿನ ಇದ್ದು ಹೊರಡುತ್ತದೆ, ಮತ್ತೆ ಯಾವಾಗಲೋ ಬರುತ್ತದೆ. ಹೀಗಾಗುವುದು ನಿಮಗೊಬ್ಬರಿಗೇ ಅಂಟಿದ ದೋಷವಾಗಿದ್ದರೆ ನನ್ನ ವೃತ್ತಿಗೆ ಗಿರಾಕಿಗಳೇ ಇರುತ್ತಿರಲಿಲ್ಲ.

ನಮ್ಮ ಹಿರಿಯರಿಗೆ ಇದು ಚೆನ್ನಾಗಿ ಗೊತ್ತಿತ್ತು. ಅವರು ಮೂರು ವೈರಾಗ್ಯಗಳನ್ನು ಹೆಸರಿಸಿದ್ದರು: ಪುರಾಣ ವೈರಾಗ್ಯ, ಪ್ರಸವ ವೈರಾಗ್ಯ, ಸ್ಮಶಾನ ವೈರಾಗ್ಯ. ಪುರಾಣ ಕೇಳುತ್ತಾ ಕುಳಿತವನಿಗೆ ಸಂಸಾರವೆಲ್ಲ ಮಾಯೆ ಎನಿಸುತ್ತದೆ. ಮಂಗಳಾರತಿಯಾಗಿ ಮನೆಗೆ ಬಂದರೆ ಸಾರಿಗೆ ಉಪ್ಪು ಕಡಿಮೆಯಾದದ್ದಕ್ಕೆ ಜಗಳ. ಹೆರಿಗೆಯ ನೋವಿನಲ್ಲಿ ‘ಇನ್ನು ಬೇಡವೇ ಬೇಡ’ ಎಂದವಳ ಮನೆಯಲ್ಲಿ ಎರಡು ವರ್ಷಕ್ಕೆ ಮತ್ತೊಂದು ತೊಟ್ಟಿಲು. ಚಿತೆಯ ಮುಂದೆ ನಿಂತು ‘ಇಷ್ಟೇ ಅಲ್ಲವೇ ಬದುಕು’ ಎಂದವನು ಹದಿನಾಲ್ಕನೆಯ ದಿನ ಪಾಲಿನ ಪಟ್ಟಿ ಹಿಡಿದು ನಿಂತಿರುತ್ತಾನೆ. ನೀವು ಈ ಪಟ್ಟಿಗೆ ಇನ್ನೆರಡು ಸೇರಿಸಿದ್ದೀರಿ: ಆಸ್ಪತ್ರೆ ವೈರಾಗ್ಯ, ಶಿಬಿರ ವೈರಾಗ್ಯ.

ಹಿರಿಯರು ಇದನ್ನು ಹಾಸ್ಯಕ್ಕೆ ಬಳಸಿದರು, ಮನುಷ್ಯನ ಬೂಟಾಟಿಕೆಯ ಉದಾಹರಣೆಯಾಗಿ. ನನ್ನ ತಕರಾರು ಇರುವುದು ಅಲ್ಲಿ. ಸ್ಮಶಾನದಲ್ಲಿ ನಿಂತವನು ನಟಿಸುತ್ತಿರುವುದಿಲ್ಲ. ಆಸ್ಪತ್ರೆಯ ಮಂಚದ ಮೇಲೆ ನೀವು ಬರೆದ ಡೈರಿಯೂ ಸುಳ್ಳಲ್ಲ. ಆ ಪಾಠ ಅಲ್ಲಿ ನಿಜವಾಗಿಯೇ ಕಲಿತದ್ದು. ತೊಡಕೆಂದರೆ, ಅದನ್ನು ಕಲಿತ ಜಾಗ ಬೇರೆ, ಅದು ಬೇಕಾಗುವ ಜಾಗ ಬೇರೆ. ಆಸ್ಪತ್ರೆಯಲ್ಲಿ ಊಟ ಹೊತ್ತಿಗೆ ಸರಿಯಾಗಿ ಮಂಚದ ಬಳಿಗೇ ಬರುತ್ತಿತ್ತು. ಶಿಬಿರದಲ್ಲಿ ಟವೆಲ್ ಬಿಸಾಡುವ ಮಗ ಇರಲಿಲ್ಲ, ಠೇವಣಿಯ ಗುರಿ ನೆನಪಿಸುವ ಮೇಲಧಿಕಾರಿ ಇರಲಿಲ್ಲ, ಫೋನ್ ಬಹುಶಃ ಕಪಾಟಿನಲ್ಲಿತ್ತು. ಅಲ್ಲಿ ಶಾಂತವಾಗಿರುವುದನ್ನು ಕಲಿಯುವುದು ನೀರಿಲ್ಲದ ಕೆರೆಯಲ್ಲಿ ಈಜು ಕಲಿತ ಹಾಗೆ. ಕೈಕಾಲು ಆಡಿಸಿದ್ದು ಸುಳ್ಳಲ್ಲ, ನೀರು ಮಾತ್ರ ಇರಲಿಲ್ಲ.

ಇನ್ನೂ ಒಂದು ವಿಷಯವಿದೆ. ‘ಗೊತ್ತಿರುವುದು’ ಮತ್ತು ‘ಮಾಡುವುದು’ ಮಿದುಳಿನಲ್ಲಿ ಒಂದೇ ಕಡೆ ಕುಳಿತಿರುವುದಿಲ್ಲ. ಇದನ್ನು ಜಗತ್ತಿಗೆ ತೋರಿಸಿಕೊಟ್ಟವನು ಹೆನ್ರಿ ಮೊಲೈಸನ್ ಎಂಬ ಅಮೆರಿಕದ ರೋಗಿ. ಮೂರ್ಛೆರೋಗ ವಾಸಿಮಾಡಲೆಂದು 1953ರಲ್ಲಿ ಅವನ ಮಿದುಳಿನ ಎರಡೂ ಬದಿಯಿಂದ ಒಂದೊಂದು ಭಾಗವನ್ನು ತೆಗೆದರು. ಆಮೇಲೆ ಅವನಲ್ಲಿ ಹೊಸ ಘಟನೆಯ ನೆನಪು ನಿಲ್ಲುವುದೇ ಬಹುಮಟ್ಟಿಗೆ ತಪ್ಪಿಹೋಯಿತು. ಬ್ರೆಂಡಾ ಮಿಲ್ನರ್ ಎಂಬ ವಿಜ್ಞಾನಿ ಅವನಿಗೆ ಕನ್ನಡಿಯಲ್ಲಿ ಮಾತ್ರ ನೋಡುತ್ತಾ ನಕ್ಷತ್ರದ ಗೆರೆಯನ್ನು ತಿದ್ದುವ ಕೆಲಸ ಕೊಟ್ಟರು. ಮೊದಲು ಗೆರೆ ಸೊಟ್ಟಸೊಟ್ಟ. ಮೂರನೆಯ ದಿನಕ್ಕೆ ಕೈ ಸಲೀಸಾಗಿ ಓಡಿತು. ಆದರೆ ತಾನು ಇದನ್ನು ಹಿಂದೆ ಮಾಡಿದ್ದೇನೆ ಎಂಬುದೇ ಅವನಿಗೆ ನೆನಪಿರಲಿಲ್ಲ. ತಲೆಗೆ ಗೊತ್ತಿಲ್ಲದ್ದನ್ನು ಕೈ ಕಲಿತಿತ್ತು.

ನಮ್ಮ ನಿಮ್ಮ ಕಷ್ಟ ಇದಕ್ಕೆ ತಿರುಗುಮುರುಗು. ತಲೆ ಎಂದೋ ಕಲಿತಿದೆ, ಕೈಗೆ ಬಾಯಿಗೆ ಇನ್ನೂ ಬಂದಿಲ್ಲ. ‘ಕೂಗಬಾರದು’ ಎಂಬುದನ್ನು ನೀವು ಡೈರಿಯಲ್ಲಿ ನೂರು ಸಲ ಬರೆದರೆ ಅಕ್ಷರ ದುಂಡಗಾಗುತ್ತದೆ. ನಾಲಗೆಗೆ ಅದರ ಸುದ್ದಿ ತಲುಪಲೇಬೇಕೆಂದಿಲ್ಲ.

ಹಾಗಾದರೆ ಅಪ್ಪನ ದನಿ ಎಲ್ಲಿಂದ ಬಂತು? ನೀವು ಅದನ್ನು ಬೇಡವೆಂದು ಬಿಟ್ಟು ಎಷ್ಟೋ ವರ್ಷವಾಗಿರಬೇಕು. ಇಲ್ಲಿ ರಷ್ಯಾದ ವಿಜ್ಞಾನಿ ಪಾವ್‌ಲೋವ್‌ನ ನಾಯಿಗಳನ್ನು ನೆನೆಯಬೇಕು. ತಾಳದ ಲಯ ಹಿಡಿಯುವ ಮೆಟ್ರೊನೋಮ್ ಯಂತ್ರ ಟಿಕ್ ಟಿಕ್ ಎಂದರೆ ಊಟ ಬರುತ್ತದೆ ಎಂದು ಕಲಿತ ನಾಯಿ ಆ ಸದ್ದಿಗೇ ಜೊಲ್ಲು ಸುರಿಸುತ್ತದೆ, ಇಷ್ಟು ಎಲ್ಲರಿಗೂ ಗೊತ್ತು. ಆಮೇಲಿನದು ಅಷ್ಟಾಗಿ ಪ್ರಚಾರಕ್ಕೆ ಬರಲಿಲ್ಲ. ಸದ್ದು ಮಾಡುತ್ತಾ ಊಟ ಕೊಡದೇ ಹೋದರೆ ಜೊಲ್ಲು ನಿಲ್ಲುತ್ತದೆ. ಪಾಠ ಅಳಿಸಿಹೋಯಿತು ಎಂದುಕೊಂಡು ನಾಯಿಯನ್ನು ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಸದ್ದು ಮಾಡಿದರೆ, ಜೊಲ್ಲು ತಾನಾಗಿ ಮರಳಿ ಬರುತ್ತದೆ! ಮುಂದೆ ಮಾರ್ಕ್ ಬೌಟನ್ ಎಂಬ ಅಮೆರಿಕದ ಸಂಶೋಧಕ 1970ರ ದಶಕದ ಕೊನೆಯಿಂದ ಇಲಿಗಳ ಮೇಲೆ ಇದನ್ನು ಇನ್ನಷ್ಟು ಕೆದಕಿದರು. ಒಂದು ಪೆಟ್ಟಿಗೆಯಲ್ಲಿ ಹೆದರಿಕೆ ಕಲಿತ ಇಲಿಗೆ ಬೇರೊಂದು ಪೆಟ್ಟಿಗೆಯಲ್ಲಿ ಆ ಹೆದರಿಕೆ ಬಿಡಿಸಿದರು. ಹಳೆಯ ಪೆಟ್ಟಿಗೆಗೆ ಮರಳಿಸಿದ ಕೂಡಲೇ ಹೆದರಿಕೆಯೂ ಮರಳಿತು. ಹೊಸ ಕಲಿಕೆ ಹಳೆಯದನ್ನು ಅಳಿಸುವುದಿಲ್ಲ, ಅದರ ಮೇಲೊಂದು ಪದರವಾಗಿ ಕೂರುತ್ತದೆ. ಮತ್ತು ಆ ಪದರ ತಾನು ಕೂಡಿದ ಜಾಗಕ್ಕೆ ಅಂಟಿಕೊಂಡಿರುತ್ತದೆ.

ನನ್ನ ಅಮ್ಮ ವೀಣೆ ಕಲಿಸುತ್ತಿದ್ದರು. ಹೊಸಬರು ಬಂದರೆ ಅವರಿಗೆ ಸಂತೋಷ. ಬೇರೆ ಕಡೆ ಎರಡು ವರ್ಷ ಕಲಿತು, ಬೆರಳನ್ನು ತಪ್ಪಾಗಿ ಕೂಡಿಸಿಕೊಂಡು ಬಂದವರೆಂದರೆ ನಿಟ್ಟುಸಿರು. ಅಂಥವರನ್ನು ಮತ್ತೆ ಮಾಯಾಮಾಳವಗೌಳದ ಸರಳೆವರಸೆಗೆ, ಅಂದರೆ ಮೊಟ್ಟಮೊದಲ ಪಾಠಕ್ಕೆ, ಅದೂ ನಿಧಾನದ ಒಂದನೆಯ ಕಾಲಕ್ಕೆ ಇಳಿಸುತ್ತಿದ್ದರು. ವರ್ಣ ನುಡಿಸುತ್ತಿದ್ದವರಿಗೆ ಅವಮಾನವಾಗಿ ಕಣ್ಣಲ್ಲಿ ನೀರು. ಆರು ತಿಂಗಳಲ್ಲಿ ಬೆರಳು ತಿದ್ದಿಕೊಳ್ಳುತ್ತಿತ್ತು. ಆದರೆ ಸಂಗೀತ ಕಚೇರಿಯಲ್ಲಿ ಕಾಲ ಓಡಿ ಎದೆ ಡವಗುಟ್ಟಿದ ಕ್ಷಣ, ಹಳೆಯ ಬೆರಳು ಹಾಜರ್. ಅಮ್ಮ ಬೈಯುತ್ತಿರಲಿಲ್ಲ. ‘ಬೆರಳಿಗೆ ಮೊದಲು ಕಲಿತ ಮನೆಯೇ ತವರುಮನೆ’ ಎನ್ನುತ್ತಿದ್ದರು. ಇದನ್ನು ನನಗೆ ಯಾವ ಪಠ್ಯಪುಸ್ತಕವೂ ಅಷ್ಟು ಚೆನ್ನಾಗಿ ಹೇಳಲಿಲ್ಲ.

ಎದೆ ಡವಗುಟ್ಟುವ ಕ್ಷಣದ ಬಗ್ಗೆ ಪ್ರಯೋಗವೂ ಇದೆ. ಜರ್ಮನಿಯ ಬೋಖುಮ್‌ನಲ್ಲಿ 2009ರಲ್ಲಿ ಶ್ವಾಬೆ ಮತ್ತು ವೋಲ್ಫ್ ಎಂಬ ಇಬ್ಬರು, ಕೆಲವರ ಕೈಯನ್ನು ಮಂಜುಗಡ್ಡೆಯಂಥ ನೀರಿನಲ್ಲಿ ಇರಿಸಿ ಒತ್ತಡಕ್ಕೆ ಒಳಪಡಿಸಿದರು. ಬಳಿಕ ಯಾವ ಆಯ್ಕೆ ಮಾಡಿದರೆ ಯಾವ ತಿನಿಸು ಸಿಗುತ್ತದೆ ಎಂದು ಕಲಿಸಿ, ಅದರಲ್ಲೊಂದು ತಿನಿಸನ್ನು ಹೊಟ್ಟೆ ಬಿರಿಯುವಷ್ಟು ತಿನ್ನಿಸಿದರು. ಒತ್ತಡವಿಲ್ಲದವರು ಅದನ್ನು ಬಿಟ್ಟು ಬೇರೆಯದನ್ನು ಆರಿಸಿಕೊಂಡರು. ಒತ್ತಡಕ್ಕೆ ಸಿಕ್ಕವರು ಸಾಕುಸಾಕಾದದ್ದನ್ನೇ ಮತ್ತೆ ಆರಿಸುತ್ತಾ ಹೋದರು. ದಣಿದ ಮಿದುಳು ವಿಚಾರವನ್ನು ಬದಿಗಿಟ್ಟು ರೂಢಿಯ ಕೈಗೆ ಲಗಾಮು ಕೊಡುತ್ತದೆ. ನಿಮ್ಮ ರೂಢಿಯ ಬಾಯಿ ಅಪ್ಪನದು. ಬೇರೆ ಮಾತು ಆ ಹೊತ್ತಿಗೆ ಅಲ್ಲಿರಲಿಲ್ಲ.

ಈಗ ಚಪ್ಪಲಿಗೆ ಬರುತ್ತೇನೆ.

ನೀವು ಬರೆದ ಮೂರು ಜಗಳಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಟವೆಲ್‌ನ ದಿನ ನಿಮ್ಮ ಕಾಲಲ್ಲಿ ಇನ್ನೂ ಚಪ್ಪಲಿ ಇತ್ತು. ಅತ್ತೆಯವರು ಗ್ಯಾಸಿನ ಮಾತೆತ್ತಿದಾಗ ಮನೆಯೊಳಗೆ ಆಗಷ್ಟೇ ಕಾಲಿಟ್ಟಿದ್ದಿರಿ. ತಮ್ಮನ ಫೋನ್ ಬಂದಾಗ ಬಸ್ಸಿಳಿದು ನಡೆಯುತ್ತಿದ್ದಿರಿ. ಮೂರೂ ಒಂದೇ ಹೊತ್ತು, ಹೆಚ್ಚುಕಡಿಮೆ ಒಂದೇ ನೂರು ಮೀಟರ್! ಬೆಳಿಗ್ಗೆ ಮಗನಿಗೆ ಡಬ್ಬಿ ಕಟ್ಟುವಾಗ ನೀವು ಕೂಗಿದ ಉದಾಹರಣೆ ಪತ್ರದಲ್ಲಿಲ್ಲ. ಭಾನುವಾರದ್ದೂ ಇಲ್ಲ. ನೀವು ನಿಮ್ಮನ್ನು ಹುಟ್ಟಾ ಸಿಡುಕಿ ಎಂದುಕೊಂಡಿದ್ದೀರಿ. ನನಗೆ ಕಾಣುವುದು ಸಂಜೆ ಏಳರ ಹೊತ್ತಿಗೆ ಸಿಡುಕುವ ಒಬ್ಬ ಹೆಂಗಸು.

ಮಧ್ಯಾಹ್ನದ ಊಟ ಎಷ್ಟು ಗಂಟೆಗೆ? ನೀವು ಬರೆದಿಲ್ಲ, ಆದರೆ ಬ್ಯಾಂಕಿನವರ ದಿನಚರಿ ನನಗೆ ಸ್ವಲ್ಪ ಗೊತ್ತು. ಎರಡಕ್ಕೆ ಅವಸರದ ಊಟ, ಆಮೇಲೆ ಎರಡು ಲೋಟ ಕಾಫಿ, ಬಾಗಿಲು ಹಾಕಿದ ಮೇಲೂ ಮುಗಿಯದ ಕಂಪ್ಯೂಟರ್ ಕೆಲಸ, ಬಸ್ಸು. ಅಲ್ಲಿಗೆ ಐದಾರು ಗಂಟೆ ಹೊಟ್ಟೆಗೆ ಹಿಟ್ಟಿಲ್ಲ. ಹಸಿವಿಗೂ ಸಿಟ್ಟಿಗೂ ನಂಟಿದೆ ಎಂಬುದಕ್ಕೆ ನಮ್ಮ ಅಜ್ಜಿಯರ ಸಾಕ್ಷಿ ಸಾಕು. ಬೇಕಿದ್ದರೆ 2022ರಲ್ಲಿ ಪ್ರಕಟವಾದ ಒಂದು ಅಧ್ಯಯನವೂ ಇದೆ. ಮಧ್ಯ ಯುರೋಪಿನ 64 ಜನ 21 ದಿನ, ದಿನಕ್ಕೆ ಐದು ಸಲ, ತಮ್ಮ ಹಸಿವು ಮತ್ತು ಮನಃಸ್ಥಿತಿಯನ್ನು ಮೊಬೈಲ್‌ನಲ್ಲಿ ದಾಖಲಿಸಿದರು. ಹಸಿವು ಹೆಚ್ಚಿದಾಗ ಸಿಟ್ಟು, ಕಿರಿಕಿರಿ ಎರಡೂ ಹೆಚ್ಚಿದ್ದವು.

ಹಳೆಯ ಮನೆಗಳಲ್ಲಿ ಹೊರಗಿನಿಂದ ಬಂದವರನ್ನು ಹೇಗೆ ಬರಮಾಡಿಕೊಳ್ಳುತ್ತಿದ್ದರು ನೆನಪಿದೆಯೇ? ಜಗಲಿಯ ಬಳಿ ಕಾಲಿಗೆ ನೀರು. ಒಳಗೆ ಬಂದು ಕುಳಿತ ಮೇಲೆ ಬೆಲ್ಲ, ಒಂದು ಚೊಂಬು ತಣ್ಣೀರು. ಅದಾದ ನಂತರವೇ ‘ಏನು ಬಂದದ್ದು?’ ಎಂಬ ವಿಚಾರಣೆ. ಮಲೆನಾಡಿನ ನಿಮ್ಮ ಕಡೆ ಇದು ಇನ್ನೂ ಪೂರ್ತಿ ಅಳಿದಿಲ್ಲ. ನಾವು ಅದನ್ನು ಅತಿಥಿ ಸತ್ಕಾರ ಎಂದು ಹೊಗಳಿ ಸುಮ್ಮನಾಗುತ್ತೇವೆ. ಬಿಸಿಲಲ್ಲಿ ದಣಿದು ಬಂದವನ ಜೊತೆ, ಅವನ ಹೊಟ್ಟೆಗೆ ಬೆಲ್ಲ ಇಳಿಯುವ ಮೊದಲು ಮಾತಿಗೆ ನಿಂತರೆ ಮಾತು ಕೆಡುತ್ತದೆ ಎಂಬ ತಿಳಿವಳಿಕೆಯೂ ಅದರಲ್ಲಿ ಸೇರಿತ್ತೆಂದು ನನ್ನ ಗುಮಾನಿ. ಈಗ ದಿನವೂ ಹೊರಗಿನಿಂದ ದಣಿದು ಬರುವವರು ನೀವೇ, ಬೆಲ್ಲ ನೀರು ಕೊಡಬೇಕಾದವರೂ ನೀವೇ ಎಂದು ಮನೆಯವರೆಲ್ಲ, ನಿಮ್ಮನ್ನೂ ಸೇರಿಸಿ, ನಂಬಿಕೊಂಡಿದ್ದೀರಿ.

ಆದ್ದರಿಂದ ನನ್ನ ಮೊದಲ ಸಲಹೆ ನಿಮಗೆ ಬಾಲಿಶವೆನಿಸಬಹುದು. ಚೀಲದಲ್ಲಿ ಒಂದು ಚಿಕ್ಕ ಡಬ್ಬಿ ಇಟ್ಟುಕೊಳ್ಳಿ. ಒಗ್ಗರಣೆ ಅವಲಕ್ಕಿ, ಹುರಿದ ಕಡಲೆಕಾಯಿ, ಒಂದು ಬಾಳೆಹಣ್ಣು, ಯಾವುದಾದರೂ ಸರಿ. ಆರು ಗಂಟೆಗೆ, ಬ್ಯಾಂಕಿನಲ್ಲೇ, ಬಸ್ಸು ಹತ್ತುವ ಮೊದಲು ತಿನ್ನಿ. ಎರಡನೆಯದು, ಮನೆಗೆ ಬಂದು ಚಪ್ಪಲಿ ಕಳಚಿ, ಕಾಲು ತೊಳೆದು, ಒಂದು ಲೋಟ ನೀರು ಕುಡಿಯುವ ತನಕ ಯಾವ ವಿಚಾರಣೆಯೂ ಬೇಡ. ಗ್ಯಾಸ್ ಮುಗಿದಿದ್ದರೆ ಅದು ಹತ್ತು ನಿಮಿಷ ಕಳೆದರೂ ಮುಗಿದೇ ಇರುತ್ತದೆ. ಇದನ್ನು ಅತ್ತೆಯವರಿಗೆ, ಮಗನಿಗೆ ಮೊದಲೇ ಹೇಳಿಡಿ. ಸಂಜೆ ಹೇಳಬೇಡಿ, ಭಾನುವಾರ ಬೆಳಿಗ್ಗೆ ತಿಂಡಿಯ ಹೊತ್ತಿಗೆ ಹೇಳಿ.

ಹಸಿವಾದರೆ ತಿನ್ನಬೇಕು, ಹೊರಗಿನಿಂದ ಬಂದರೆ ಕೈಕಾಲು ತೊಳೆಯಬೇಕು. ಅಂಗನವಾಡಿಯ ಮಗುವಿಗೂ ಗೊತ್ತಿರುವ ಪಾಠ ಎಂದಿರಲ್ಲ, ನಿಜ. ಆದರೆ ಅಂಗನವಾಡಿಯ ಮಗುವಿಗೆ ಇದನ್ನು ಯಾರೋ ಮಾಡಿಸುತ್ತಾರೆ. ಗಂಟೆ ಬಾರಿಸಿ, ಸಾಲಿನಲ್ಲಿ ಕೂರಿಸಿ, ತಟ್ಟೆ ಮುಂದಿಡುತ್ತಾರೆ. ಅದಕ್ಕೆ ಈ ಪಾಠ ಗೊತ್ತಿದೆ ಎನ್ನುವುದೇ ತಪ್ಪು. 49ರಲ್ಲಿ ನೀವು ಕಲಿಯುತ್ತಿರುವುದು ಆ ಗಂಟೆಯನ್ನೂ ನೀವೇ ಬಾರಿಸುವುದನ್ನು. ಅದು ಬೇರೆಯೇ ವಿದ್ಯೆ, ಮಗುವಿಗೆ ಗೊತ್ತಿಲ್ಲದ್ದು.

ಸಂಕಲ್ಪಗಳ ಭಾಷೆಯ ಬಗ್ಗೆ ಒಂದು ಮಾತು. ನಿಮ್ಮ ಡೈರಿಯಲ್ಲಿ ‘ಆರೋಗ್ಯಕ್ಕೆ ಮೊದಲ ಸ್ಥಾನ’, ‘ಸಹನೆ’ ಎಂಬಂಥ ಮಾತುಗಳಿರಬೇಕು. ಗೋಡೆಗೆ ತೂಗುಹಾಕಲು ಚೆಂದ, ಬಳಸಲು ಬರುವುದಿಲ್ಲ. ಪೀಟರ್ ಗೋಲ್ವಿಟ್ಸರ್ ಎಂಬ ಜರ್ಮನ್ ಮನೋವಿಜ್ಞಾನಿ 1990ರ ದಶಕದಲ್ಲಿ ತೋರಿಸಿದ್ದು ಇಷ್ಟು: ‘ಹೀಗಿರುತ್ತೇನೆ’ ಎಂದುಕೊಂಡವರಿಗಿಂತ, ‘ಇಂಥದ್ದು ಎದುರಾದಾಗ ಇಂಥದ್ದು ಮಾಡುತ್ತೇನೆ’ ಎಂದು ಜಾಗ, ಹೊತ್ತು, ಕೆಲಸ ಮೂರನ್ನೂ ಗಂಟುಹಾಕಿ ಇಟ್ಟುಕೊಂಡವರು ಅದನ್ನು ನಡೆಸಿಕೊಳ್ಳುವ ಸಾಧ್ಯತೆ ಹೆಚ್ಚು. ‘ಗೋಡೆ ಗಡಿಯಾರ ಆರು ತೋರಿಸಿದಾಗ ಡಬ್ಬಿ ತೆರೆಯುತ್ತೇನೆ.’ ‘ಗೇಟಿನ ಚಿಲಕ ಮುಟ್ಟಿದಾಗ ಚಪ್ಪಲಿ, ಕಾಲು, ನೀರು ಎಂದು ಮನಸ್ಸಿನಲ್ಲಿ ಹೇಳಿಕೊಳ್ಳುತ್ತೇನೆ.’ ಇಂಥ ವಾಕ್ಯಗಳಲ್ಲಿ ಕಾವ್ಯವಿಲ್ಲ. ಇರಬೇಕಾಗಿಯೂ ಇಲ್ಲ. ಭಾನುವಾರ ಒಂದು ಸಲ ಸುಮ್ಮನೆ ಗೇಟಿನಿಂದ ಒಳಗೆ ನಡೆದು ಅಭ್ಯಾಸ ಮಾಡಿ. ನಾಟಕದವರು ತಾಲೀಮು ಮಾಡುವುದಿಲ್ಲವೇ? ಕಲಿತ ಜಾಗಕ್ಕೂ ಬೇಕಾದ ಜಾಗಕ್ಕೂ ಇರುವ ಅಂತರ ಮುಚ್ಚುವುದು ಹೀಗೆ.

‘ಆಗದು’ ಎನ್ನುವ ಪಾಠವನ್ನು ಸದ್ಯಕ್ಕೆ ಕಟ್ಟಿಡಿ. ನಿದ್ದೆಯದನ್ನೂ. ಆಸ್ಪತ್ರೆಯಿಂದ ಬಂದವರು ಆರು ಪಾಠಗಳನ್ನು ಒಟ್ಟಿಗೇ ಹೊತ್ತು ತರುತ್ತಾರೆ. ಆರೂ ಒಟ್ಟಿಗೇ ಕೆಳಗೆ ಬೀಳುತ್ತವೆ. ತೀರಾ ಒತ್ತಾಯ ಬಂದರೆ ‘ನಾಳೆ ಹೇಳುತ್ತೇನೆ’ ಎಂಬ ಎರಡು ಪದ ಇಟ್ಟುಕೊಳ್ಳಿ, ಸಾಕು.

ಎಷ್ಟು ದಿನ ಬೇಕು? ಇಪ್ಪತ್ತೊಂದು ದಿನದ ಲೆಕ್ಕವನ್ನು ಯಾರಾದರೂ ಹೇಳಿಯೇ ಇರುತ್ತಾರೆ. ಅದರ ಮೂಲ ಹುಡುಕಿದರೆ ನಗು ಬರುತ್ತದೆ. 1960ರಲ್ಲಿ ಅಮೆರಿಕದ ಒಬ್ಬ ಪ್ಲಾಸ್ಟಿಕ್ ಶಸ್ತ್ರಚಿಕಿತ್ಸಕರು, ಮೂಗು ತಿದ್ದಿಸಿಕೊಂಡವರಿಗೆ ಹೊಸ ಮುಖ ರೂಢಿಯಾಗಲು ಕನಿಷ್ಠ 21 ದಿನವಾದರೂ ಬೇಕು ಎಂದು ಬರೆದರು. ಬಾಯಿಂದ ಬಾಯಿಗೆ ಹೋಗುತ್ತಾ ‘ಕನಿಷ್ಠ’ ಉದುರಿತು, ಮೂಗೂ ಉದುರಿತು, 21 ಮಾತ್ರ ಉಳಿಯಿತು. ನಿಜವಾಗಿ ಅಳೆದು ನೋಡಿದ್ದು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲಾಲಿ ಮತ್ತು ಸಂಗಡಿಗರು. 2010ರಲ್ಲಿ ಅಚ್ಚಾದ ಅಧ್ಯಯನ. 96 ಸ್ವಯಂಸೇವಕರು ಹನ್ನೆರಡು ವಾರ ತಿಂಡಿಯ ನಂತರ ಒಂದು ಲೋಟ ನೀರು ಕುಡಿಯುವಂಥ ಒಂದೊಂದು ಸಣ್ಣ ರೂಢಿಗೆ ಯತ್ನಿಸಿದರು. ರೂಢಿ ಕೂಡಲು ಒಬ್ಬರಿಗೆ 18 ದಿನ ಸಾಕಾದರೆ, ಇನ್ನೊಬ್ಬರ ಅಂದಾಜು ಲೆಕ್ಕ, ಆ ಹನ್ನೆರಡು ವಾರಗಳನ್ನೂ ಮೀರಿ, 254 ದಿನಕ್ಕೆ ಚಾಚಿತು. ನಡುವಿನವರಿಗೆ 66. ನಿಮ್ಮ ಶಿಬಿರದ ಪ್ರಭಾವ ಮೂರು ವಾರಕ್ಕೆ ಕರಗಿದ್ದರಲ್ಲಿ ಅಚ್ಚರಿಯೇನಿಲ್ಲ. ಆ ಅಧ್ಯಯನದಲ್ಲಿ ನನಗೆ ಪ್ರಿಯವಾದ ಸಂಗತಿ ಬೇರೆ: ನಡುವೆ ಒಂದು ದಿನ ತಪ್ಪಿದರೆ ರೂಢಿಗೆ ಹೇಳಿಕೊಳ್ಳುವಂಥ ಪೆಟ್ಟೇನೂ ಬೀಳಲಿಲ್ಲ.

ಪೆಟ್ಟು ಬೀಳುವುದು ತಪ್ಪಿದ ದಿನ ನಾವು ನಮಗೆ ಹೇಳಿಕೊಳ್ಳುವ ಮಾತಿನಿಂದ. ಮುಳುಗಿದವನಿಗೆ ಚಳಿಯೇನು, ಮಳೆಯೇನು! ಕುಡಿತ ಬಿಟ್ಟವರ ಜೊತೆ ಕೆಲಸ ಮಾಡಿದ ಅಮೆರಿಕದ ಮನೋವಿಜ್ಞಾನಿ ಅಲನ್ ಮಾರ್ಲಟ್ 1980ರ ದಶಕದಲ್ಲಿ ಇದನ್ನು ವಿವರವಾಗಿ ಗುರುತಿಸಿದರು. ಒಂದು ಗುಟುಕು ಕುಡಿದವನನ್ನು ಪೂರ್ತಿ ಕೆಡಿಸುವುದು ಬಹಳ ಸಲ ಆ ಗುಟುಕಲ್ಲ, ‘ಇನ್ನೇನು, ಎಲ್ಲ ಕೆಟ್ಟಿತು, ನಾನು ಇಷ್ಟೇ’ ಎಂಬ ತೀರ್ಪು. ನಾಲ್ಕು ತಿಂಗಳಿಗೆ ನಿಮ್ಮ ಡೈರಿ ನಿಂತದ್ದೂ ಹೀಗೆಯೇ ಇರಬಹುದು. ಯಾವುದೋ ಒಂದು ದಿನ ಕೂಗಿದಿರಿ, ಮರುದಿನ ಆ ಪುಟ ತೆರೆಯಲು ಮುಖವಿರಲಿಲ್ಲ. ಇದನ್ನು ನನ್ನ ಅನುಭವದಿಂದಲೂ ಹೇಳಬಲ್ಲೆ. ಸಿಟ್ಟಿನ ನಿರ್ವಹಣೆಯ ಬಗ್ಗೆ ಒಂದೂವರೆ ಗಂಟೆ ಉಪನ್ಯಾಸ ಕೊಟ್ಟು ಹೊರಬಂದು, ನನ್ನ ಸ್ಕೂಟರಿಗೆ ಅಡ್ಡ ಕಾರು ನಿಲ್ಲಿಸಿದವರ ಜೊತೆ ಬಾಯಿ ಮಾಡಿದ್ದೇನೆ. ಉಪನ್ಯಾಸ ಕೇಳಿದವರಲ್ಲಿ ಇಬ್ಬರು ಅಲ್ಲೇ ನಿಂತು ನೋಡುತ್ತಿದ್ದರು. ಅದಾದ ಮೇಲೆ ಒಂದು ತಿಂಗಳು ಆ ವಿಷಯದ ಮೇಲೆ ಮಾತಾಡುವ ಆಹ್ವಾನಗಳನ್ನು ಒಪ್ಪಿಕೊಳ್ಳಲಿಲ್ಲ. ಯಾರಿಗೆ ಲಾಭವಾಯಿತೋ ಗೊತ್ತಿಲ್ಲ.

ನೀವು ಬ್ಯಾಂಕಿನವರು, ನಿಮಗೆ ಹಿಡಿಸಬಹುದಾದ ಒಂದು ಲೆಕ್ಕ ಕೊಡುತ್ತೇನೆ. ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ವಿದ್ವಾಂಸ 1885ರಲ್ಲಿ ತನ್ನ ಮೇಲೆಯೇ ಮಾಡಿಕೊಂಡ ಪ್ರಯೋಗಗಳನ್ನು ಪ್ರಕಟಿಸಿದ. ಅರ್ಥವಿಲ್ಲದ ಅಕ್ಷರಗುಚ್ಛಗಳ ಪಟ್ಟಿಯನ್ನು ಬಾಯಿಪಾಠ ಮಾಡುವುದು, ಬಿಡುವುದು, ದಿನ ಕಳೆದ ಮೇಲೆ ಅದನ್ನೇ ಮತ್ತೆ ಕಲಿಯುವುದು. ಎಲ್ಲರೂ ಅವನ ಹೆಸರಿನಲ್ಲಿ ಮರೆವಿನ ಕಥೆ ಹೇಳುತ್ತಾರೆ: ಒಂದು ದಿನದಲ್ಲಿ ಮೂರನೆಯ ಎರಡು ಭಾಗದಷ್ಟು ಸೋರಿಹೋಗುತ್ತದೆ ಎಂದು. ಆದರೆ ಅವನು ಅಳೆದದ್ದು ಮರೆವನ್ನು ನೇರವಾಗಿ ಅಲ್ಲ. ಎರಡನೆಯ ಸಲ ಕಲಿಯುವಾಗ ಎಷ್ಟು ಶ್ರಮ ಉಳಿಯಿತು ಎಂಬುದನ್ನು ಅಳೆದ. ಅದಕ್ಕೆ ಅವನು ಕೊಟ್ಟ ಹೆಸರೇ ‘ಉಳಿತಾಯ’. 31 ದಿನಗಳ ನಂತರವೂ ಶೇಕಡಾ 21ರಷ್ಟು ಉಳಿತಾಯವಿತ್ತು. ಪೂರ್ತಿ ಮರೆತೆ ಎಂದುಕೊಂಡದ್ದರಲ್ಲೂ ಐದನೆಯ ಒಂದು ಭಾಗ ಖಾತೆಯಲ್ಲಿ ಕುಳಿತೇ ಇತ್ತು.

ಆದ್ದರಿಂದ ಡೈರಿಯನ್ನು ಬೇರೆ ರೀತಿ ಬರೆಯಿರಿ. ‘ಇಂದು ಕೂಗಿದೆನೇ’ ಎಂಬ ಕಾಲಂ ಬೇಡ. ಕೂಗಿದ ಮೇಲೆ ಮಾಮೂಲಿ ದನಿಗೆ ಮರಳಲು ಎಷ್ಟು ಹೊತ್ತಾಯಿತು, ಅಷ್ಟು ಬರೆಯಿರಿ. ಮೊದಲು ಎರಡು ದಿನ ಮುಖ ಊದಿಸಿಕೊಂಡಿರುತ್ತಿದ್ದವರು ಒಂದು ರಾತ್ರಿಗೆ ಬಂದಿದ್ದರೆ, ರಾತ್ರಿಯಿಂದ ಒಂದು ಗಂಟೆಗೆ ಬಂದಿದ್ದರೆ, ಅದು ಜಮಾ. ಆಸ್ಪತ್ರೆಯ ನಂತರ ಮರಳಿ ಪ್ರಯತ್ನಿಸಲು ನಿಮಗೆ ಬಹುಕಾಲ ಬೇಕಾಯಿತು. ಟವೆಲ್‌ನ ಜಗಳವಾದ ಮೇಲೆ ನನಗೆ ಪತ್ರ ಬರೆಯಲು ‘ಮೊನ್ನೆ’ಯಿಂದ ಇಂದಿನವರೆಗಿನ ಹೊತ್ತು ಸಾಕಾಯಿತು. ಈ ವ್ಯತ್ಯಾಸ ನಿಮ್ಮ ಕಣ್ಣಿಗೆ ಬಿದ್ದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ, ಮನಸ್ಸಿನದಲ್ಲದ ಒಂದು ವಿಷಯ. ಭಾರತೀಯ ಹೆಂಗಸರಲ್ಲಿ ಮುಟ್ಟು ನಿಲ್ಲುವ ಸರಾಸರಿ ವಯಸ್ಸು 46–47ರ ಆಸುಪಾಸು. ಅದರ ಹಿಂದಿನ ಮುಂದಿನ ಕೆಲವು ವರ್ಷ ನಿದ್ದೆ ಕೆಡುವುದು, ಮೈ ಬಿಸಿಯೇರುವುದು, ಸಿಡಿಮಿಡಿ, ಎಲ್ಲವೂ ಹಾರ್ಮೋನುಗಳ ಏರಿಳಿತದಿಂದಲೇ ಆಗಬಹುದು. ರಕ್ತಹೀನತೆ, ಥೈರಾಯ್ಡ್ ತೊಂದರೆ, ಬಿ12 ಕೊರತೆ ಕೂಡ ಇದೇ ವೇಷದಲ್ಲಿ ಬರುತ್ತವೆ. ನೀವು ತಲೆಸುತ್ತಿ ಬಿದ್ದದ್ದು ಎರಡು ವರ್ಷಗಳ ಹಿಂದೆ; ಆಮೇಲೆ ಒಮ್ಮೆಯಾದರೂ ರಕ್ತ ಪರೀಕ್ಷೆ ಮಾಡಿಸಿದ್ದೀರಾ? ಹಿಮೋಗ್ಲೋಬಿನ್ ಎಂಟಕ್ಕೆ ಇಳಿದಿರುವ ಒಬ್ಬ ಹೆಂಗಸಿಗೆ ಸಹನೆಯ ಪಾಠ ಹೇಳಿದ ಪಾಪ ನನ್ನ ಮೇಲಿದೆ, ವೃತ್ತಿಯ ಮೊದಲ ವರ್ಷಗಳಲ್ಲಿ. ಅಂದಿನಿಂದ ಈ ಪ್ರಶ್ನೆ ತಪ್ಪಿಸುವುದಿಲ್ಲ. ಎರಡು ವಾರಕ್ಕೂ ಮಿಕ್ಕಿ ಯಾವುದರಲ್ಲೂ ಆಸಕ್ತಿಯಿಲ್ಲದಿದ್ದರೆ, ಬೆಳಗಿನ ಜಾವ ಎಚ್ಚರವಾಗಿ ಮತ್ತೆ ನಿದ್ದೆ ಬಾರದಿದ್ದರೆ, ಬದುಕು ಸಾಕೆನಿಸಿದರೆ ಡಬ್ಬಿ, ಡೈರಿಗಳ ಮೇಲೆ ಭಾರ ಹಾಕಬೇಡಿ, ಮನೋವೈದ್ಯರನ್ನು ಕಾಣಿರಿ. ಟೆಲಿ ಮಾನಸ್ ಸಹಾಯವಾಣಿ 14416 ಹಗಲುರಾತ್ರಿ ಉಚಿತವಾಗಿ, ಕನ್ನಡದಲ್ಲೂ ಸಿಗುತ್ತದೆ.

ಹುಟ್ಟುಗುಣದ ಮಾತಿಗೆ ಚುಟುಕಾಗಿ ಉತ್ತರಿಸುತ್ತೇನೆ. ಅವಳಿ ಮಕ್ಕಳ ಮೇಲಿನ ಅಧ್ಯಯನಗಳ ಪ್ರಕಾರ ಜನರ ಸ್ವಭಾವಗಳ ನಡುವಿನ ವ್ಯತ್ಯಾಸದಲ್ಲಿ ಶೇಕಡಾ 40ರಿಂದ 50ರಷ್ಟು ಅನುವಂಶೀಯತೆಗೆ ಸೇರುತ್ತದೆ. ಬೇಗ ಕಾವೇರುವ ಮೈ ನಿಮಗೆ ತಂದೆಯಿಂದ ಬಂದಿರಬಹುದು. ಆದರೆ ಜೀನ್‌ಗಳಲ್ಲಿ ವಾಕ್ಯಗಳಿರುವುದಿಲ್ಲ. ‘ಅಪ್ಪನ ಮಾತುಗಳು ಬಂದವು’ ಎಂದಿರಿ. ಅವು ನೀವು ಕೇಳಿ ಕಲಿತವು. ಕಾವು ಉಳಿಯಲಿ, ಬೇರೆ ವಾಕ್ಯ ಕಲಿಯೋಣ.

ಅಲ್ಲಿಂದ ನೇರ ನಿಮ್ಮ ಕೊನೆಯ ಪ್ರಶ್ನೆಗೆ. ತಪ್ಪಾಯಿತು ಎಂದರೆ ಮಗ ತಲೆಯ ಮೇಲೆ ಹತ್ತಿ ಕೂರುತ್ತಾನೆಯೇ? ತಾಯಿ ಮತ್ತು ಹಸುಗೂಸಿನ ಒಡನಾಟವನ್ನು ಚಿತ್ರೀಕರಿಸಿ ಕ್ಷಣಕ್ಷಣವೂ ಲೆಕ್ಕ ಹಾಕಿದ ಎಡ್ವರ್ಡ್ ಟ್ರಾನಿಕ್ ಎಂಬ ಸಂಶೋಧಕರಿಗೆ ಕಂಡದ್ದು ಕೇಳಿ. ಚೆನ್ನಾಗಿ ಹೊಂದಿಕೊಂಡ ತಾಯಿ ಮಕ್ಕಳಲ್ಲೂ ಇಬ್ಬರ ತಾಳ ಕೂಡುತ್ತಿದ್ದುದು ಸುಮಾರು ಶೇಕಡಾ 30ರಷ್ಟು ಹೊತ್ತು ಮಾತ್ರ. ಮಿಕ್ಕ ಹೊತ್ತೆಲ್ಲ ತಪ್ಪುವುದು, ಸರಿಪಡಿಸಿಕೊಳ್ಳುವುದು, ಮತ್ತೆ ತಪ್ಪುವುದು. ಮಗು ನೆಚ್ಚಿಕೆ ಕಲಿಯುವುದು ಆ ಸರಿಪಡಿಸಿಕೊಳ್ಳುವಿಕೆಯಿಂದ. ನಿಮ್ಮ ತಂದೆ ಕೂಗಿದ ಮೇಲೆ ಎಂದಾದರೂ ಬಂದು ಪಕ್ಕದಲ್ಲಿ ಕುಳಿತು ಮಾತಾಡಿದ್ದರೇ? ಇಲ್ಲವೆಂದಾದರೆ, ಈ ಪಾಠವನ್ನು ನೀವು ಮತ್ತೆ ಕಲಿಯುತ್ತಿಲ್ಲ, ಮೊದಲ ಸಲ ಕಲಿಯುತ್ತಿದ್ದೀರಿ. ಕಷ್ಟವೆನಿಸುವುದು ಸಹಜ.

ಹೇಳುವಾಗ ‘ಆದರೆ’ ಎಂಬ ಪದವನ್ನು ಹೊರಗಿಡಿ. ‘ತಪ್ಪಾಯಿತು, ಆದರೆ ನೀನು ಟವೆಲ್...’ ಎಂದು ಶುರುವಾದರೆ ಅದು ಎರಡನೆಯ ಜಗಳ. ‘ಮೊನ್ನೆ ಅಷ್ಟು ಕೂಗಿದ್ದು ನನ್ನ ತಪ್ಪು. ಟವೆಲ್ ಹಗ್ಗದ ಮೇಲೆ ಹಾಕು.’ ಎರಡು ಬೇರೆ ವಾಕ್ಯಗಳು, ನಡುವೆ ಒಂದು ಉಸಿರು. ಮೊದಲನೆಯದರಿಂದ ಎರಡನೆಯದರ ಬೆಲೆ ಕಡಿಮೆಯಾಗುವುದಿಲ್ಲ. ನಿಯಮ ನಿಯಮವೇ, ತಪ್ಪು ತಪ್ಪೇ. ಮುಖ ನೋಡಿಕೊಂಡು ಹೇಳಲಾಗದಿದ್ದರೆ ತರಕಾರಿ ಹೆಚ್ಚುತ್ತಾ ಹೇಳಿ. ಹದಿನೇಳರ ಹುಡುಗರಿಗೆ ಅದೇ ಇಷ್ಟ. ಕಣ್ಣೀರು, ಅಪ್ಪುಗೆ ನಿರೀಕ್ಷಿಸಬೇಡಿ. ಅವನು ‘ಹೂಂ’ ಎಂದು ಮೊಬೈಲ್ ನೋಡುತ್ತಾ ಎದ್ದುಹೋಗಬಹುದು. ಅವನಿಗೆ ಕೇಳಿಸಿರುತ್ತದೆ. ಟವೆಲ್ ಮಾತ್ರ ಮರುದಿನವೂ ಹಾಸಿಗೆಯ ಮೇಲೆಯೇ ಇದ್ದೀತು. ಅದಕ್ಕೆ ಇನ್ನೊಂದು ಪತ್ರ ಬರೆಯಿರಿ, ಆರು ಗಂಟೆಯ ಡಬ್ಬಿ ಖಾಲಿ ಮಾಡಿದ ಮೇಲೆ.